ಮಕ್ಕಳಿಲ್ಲದ ಓಡ್ಗೈರ್ ಪೋಷಕರ ಪ್ರತಿನಿಧಿಯಾದದ್ದು

ಓಡ್ಗೈರ್‌ಗೆ ಮಕ್ಕಳಿಲ್ಲ. ಮದುವೆಯೂ ಆಗಿಲ್ಲ. ಆದರೂ ನಮ್ಮೂರ ಶಾಲೆಯಲ್ಲಿ ನಮ್ಮ ಮಕ್ಕಳ ತರಗತಿಗೆ ಪೋಷಕರ ಪ್ರತಿನಿಧಿ ಅವನೇ. ಇದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಅವನು ಪ್ರತಿನಿಧಿಯಾದ ದಿನ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಕಂಡದ್ದನ್ನು ಹೇಳುತ್ತೇನೆ.

ನಾನು ಮೀನಿನ ಕಾರ್ಖಾನೆಯ ಲಾರಿ ಓಡಿಸುವವನು. ಓಡ್ಗೈರ್ ಅದೇ ಕಾರ್ಖಾನೆಯಲ್ಲಿ ಹೆರಿಂಗ್ ಮೀನಿಗೆ ಉಪ್ಪು ಹಾಕುತ್ತಾನೆ. ಎತ್ತರದ ಆಳು. ಕೈ ದೊಡ್ಡದು, ಮಾತು ಕಡಿಮೆ. ಕಾರ್ಖಾನೆಯ ಗೇಟಿನೆದುರು ಅವನ ಮನೆ. ಶಾಲೆಗೆ ಹೋಗುವ ರಸ್ತೆ ಆ ಮನೆಯ ಮುಂದೆಯೇ ಹಾದುಹೋಗುತ್ತದೆ.

ನನ್ನ ಮಗಳು ಸೀಗ್ನೆ ಒಂದನೇ ತರಗತಿಗೆ ಸೇರಿದ ವರ್ಷ. ಮೊದಲ ಪೋಷಕರ ಸಭೆ. ಓಡ್ಗೈರ್‌ಗೆ ರಸ್ತೆಯಲ್ಲಿ ಯಾವುದೋ ಮಗುವಿನ ಉಣ್ಣೆಯ ಕೈಗವಸು ಸಿಕ್ಕಿತ್ತು. ಒಂದೇ ಕೈಯದು. ಅದನ್ನು ಕೊಡಲು ಶಾಲೆಗೆ ಬಂದ. ಒಳಗೆ ವಾಫಲ್ ಎಂಬ ಸಿಹಿ ದೋಸೆ ಸುಡುವ ವಾಸನೆ ಬರುತ್ತಿತ್ತು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಮಕ್ಕಳ ಕುರ್ಚಿಯೊಂದು ಖಾಲಿ ಇತ್ತು. ಕೂತ. ಮಂಡಿ ಗಲ್ಲಕ್ಕೆ ತಾಗಿತು.

ನಮ್ಮ ಕಡೆ ಪೋಷಕರ ಸಭೆಗೆ ಒಂದು ರೀತಿ ಇದೆ. ಎಲ್ಲಾ ವಿಷಯ ಮುಗಿದ ಮೇಲೆ ಟೀಚರ್ ಕೇಳುತ್ತಾರೆ: "ಪ್ರತಿನಿಧಿ ಯಾರಾಗ್ತೀರಿ?" ಅಲ್ಲಿಂದ ಮೌನ. ಎಲ್ಲರೂ ಮೇಜು ನೋಡುತ್ತೇವೆ. ಆ ಹೊತ್ತಿನಲ್ಲಿ ಕೆಮ್ಮಬಾರದು. ಮೂಗು ಒರೆಸಬಾರದು. ಯಾರು ಮೊದಲು ಅಲುಗಾಡುತ್ತಾರೋ ಅವರೇ ಪ್ರತಿನಿಧಿ. ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ಮೀರಿದವರಿಲ್ಲ. ಖಜಾಂಚಿಯನ್ನು ಆರಿಸುವುದೂ ಹೀಗೇ; ನನ್ನ ಅಣ್ಣ ಒಮ್ಮೆ ಸೀನಿ ಖಜಾಂಚಿಯಾದ. ಮಗ ಶಾಲೆ ಬಿಡುವವರೆಗೂ ಅವನಿಗೆ ಬಿಡುಗಡೆ ಸಿಗಲಿಲ್ಲ.

ಓಡ್ಗೈರ್‌ಗೆ ಇದು ಗೊತ್ತಿರಲಿಲ್ಲ. ಮಕ್ಕಳಿದ್ದರಲ್ಲವೇ ಗೊತ್ತಾಗುವುದು! ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಎದ್ದ, ನಡೆದ, ತಟ್ಟೆಯಿಂದ ಒಂದು ವಾಫಲ್ ತೆಗೆದುಕೊಂಡ.

ಚಪ್ಪಾಳೆ ಬಿತ್ತು.

"ಏನಾಯ್ತು?" ಅಂದ ಓಡ್ಗೈರ್, ಬಾಯಲ್ಲಿ ವಾಫಲ್ ಇಟ್ಟುಕೊಂಡೇ.

"ನೀನೇ ಕಣಯ್ಯಾ ಪ್ರತಿನಿಧಿ! ಶಹಬ್ಬಾಸ್!" ಅಂದವನು ವೀದಾರ್. ನಮ್ಮೂರಿನ ಹಲ್ಲಿನ ಡಾಕ್ಟರು. ಅವನ ಮಗನೂ ಸೀಗ್ನೆಯ ಜೊತೆಗೇ ಓದುತ್ತಾನೆ.

"ನಂಗೆ ಮಕ್ಕಳಿಲ್ವಲ್ಲ."

ಇದು ಎಲ್ಲರಿಗೂ ಕೇಳಿಸಿತು. ಯಾರಿಗೂ ಕೇಳಿಸಲಿಲ್ಲ. ಇವನು ಅಲ್ಲವೆಂದಾದರೆ ಮತ್ತೆ ಮೌನದಲ್ಲಿ ಕೂರಬೇಕು. ಕೋಟು ಹಾಕಿಕೊಂಡವರು ಆಗಲೇ ಬಾಗಿಲಲ್ಲಿದ್ದರು.

"ಅದೆಲ್ಲಾ ಸಣ್ಣ ವಿಷಯ ಬಿಡು ಮಾರಾಯ," ಎಂದು ವೀದಾರ್ ಅವನ ಬೆನ್ನು ತಟ್ಟಿ ಹೊರಟ. ನಾನೂ ಹೊರಟೆ.

ಬೇರೆ ಯಾರಾದರೂ ಆಗಿದ್ದರೆ ಮರುದಿನ ಬಂದು ಜಗಳ ಮಾಡುತ್ತಿದ್ದರು. ಓಡ್ಗೈರ್ ಬಂದು ಕೇಳಿದ್ದು ಇಷ್ಟೇ: "ಕೆಲಸ ಏನು?"

ಕೆಲಸ ಏನೆಂದು ನಮಗೂ ಗೊತ್ತಿರಲಿಲ್ಲ. ಮಕ್ಕಳ ಸುರಕ್ಷತೆ ನೋಡಿಕೊಳ್ಳುವುದು ಅಂದೆ, ಬಾಯಿಗೆ ಬಂದದ್ದು.

ಅವನು ಕಿಟಕಿಯಲ್ಲಿ ಕೂತು ರಸ್ತೆ ನೋಡಿದ. ಬೆಳಗಿನ ಪಾಳಿಗೆ ರಜೆ ಹಾಕಿ ಒಂದು ವಾರ ನೋಡಿದ. ಆಮೇಲೆ ನನ್ನ ಲಾರಿಯ ಹತ್ತಿರ ಬಂದು ಹೇಳಿದ:

"ಶಾಲೆ ಮುಂದೆ ಮಕ್ಕಳಿಗೆ ಅಪಾಯ ಇದೆ."

"ನಮ್ಮ ಲಾರೀನಾ?"

"ಅಲ್ಲ. ಅಪ್ಪ ಅಮ್ಮ."

ಸರಿಯಾಗಿಯೇ ಹೇಳಿದ್ದ. ರಸ್ತೆ ಅಪಾಯ ಎಂದು ನಾವೆಲ್ಲ ಮಕ್ಕಳನ್ನು ಕಾರಿನಲ್ಲಿ ಬಿಡುತ್ತಿದ್ದೆವು. ಎಲ್ಲರ ಕಾರೂ ಶಾಲೆಯ ಗೇಟಿಗೇ ಬರುತ್ತಿತ್ತು. ಒಬ್ಬರು ಹಿಂದಕ್ಕೆ ತೆಗೆಯುವುದು, ಇನ್ನೊಬ್ಬರು ಮುಂದಕ್ಕೆ ನುಗ್ಗುವುದು. ನಡುವೆ ಮಕ್ಕಳು. ರಸ್ತೆ ಅಪಾಯವಾದದ್ದು ಹೀಗೆ.

ಓಡ್ಗೈರ್ ಕಾರ್ಖಾನೆಯಲ್ಲಿ ಮಾತಾಡಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡ. ದೋಣಿ ಕಟ್ಟುವ ಹಗ್ಗ ಒಂದು ತಂದ. ಕಾರುಗಳೆಲ್ಲ ಕಾರ್ಖಾನೆಯ ಅಂಗಳದಲ್ಲಿ ನಿಲ್ಲಬೇಕು, ಅಲ್ಲಿಂದ ಮಕ್ಕಳು ಹಗ್ಗ ಹಿಡಿದು ಸಾಲಾಗಿ ನಡೆಯಬೇಕು ಎಂದ. ಹೊಳೆಯುವ ಪಟ್ಟಿ ಇರುವ ಹಳದಿ ಕೋಟು ಎಲ್ಲರಿಗೂ. ಹೊರಡುವ ಮೊದಲು ಹಾಜರಿ. ದಾಟುವ ಜಾಗದಲ್ಲಿ ಅವನು "ಹೋಗಿ" ಅನ್ನುತ್ತಿರಲಿಲ್ಲ. ಸುಮ್ಮನೆ ನಿಲ್ಲುತ್ತಿದ್ದ. ಸಾಲಿನ ಮುಂದಿರುವ ಮಗು ಎಡ ನೋಡಬೇಕು, ಬಲ ನೋಡಬೇಕು, ತಾನೇ "ಈಗ" ಅನ್ನಬೇಕು. ಮೊದಮೊದಲು ಯಾರೂ "ಈಗ" ಅನ್ನದೆ ಎಲ್ಲರಿಗೂ ಶಾಲೆಗೆ ತಡವಾಗುತ್ತಿತ್ತು. ಟೀಚರ್ ಗೊಣಗಿದರು. ಆಮೇಲೆ ಅವರೂ ತರಗತಿಯಲ್ಲಿ ಅದನ್ನೇ ಶುರುಮಾಡಿದರು. ಕತ್ತರಿ ಹಂಚುವ ಮೊದಲು ಒಂದು ಮಗು ಎಲ್ಲರನ್ನೂ ನೋಡಿ "ಈಗ" ಅನ್ನಬೇಕು.

ಚಳಿಗಾಲ ಬಂತು. ರಸ್ತೆಯೆಲ್ಲ ಮಂಜುಗಡ್ಡೆ. ಬೇಕರಿಗೆ ಹೋಗುವ ಅಜ್ಜಿ ಗುನ್‌ವೋರ್ ಜಾರುತ್ತದೆಂದು ಹಗ್ಗದ ತುದಿ ಹಿಡಿದುಕೊಂಡಳು. ಓಡ್ಗೈರ್ ನಿಲ್ಲಿಸಿದ.

"ಹಗ್ಗ ಹಿಡಿದೋರು ಹಾಜರಿ ಹೇಳ್ಬೇಕು."

"ನಂಗೆ ಎಂಬತ್ತಾಯ್ತು ಕಣೋ!"

"ಕೋಟೂ ಹಾಕ್ಬೇಕು."

ಅಜ್ಜಿ ಕೋಟು ಹಾಕಿಕೊಂಡಳು. ಮರುದಿನ ಅವಳ ಗೆಳತಿಯರು ಬಂದರು. ಆಮೇಲೆ ಅಂಚೆಯವನು. ಆಮೇಲೆ ಬ್ಯಾಂಕಿಗೆ ಹೋಗುವವರು. ಸಾಲು ಎಷ್ಟು ಉದ್ದವಾಯಿತೆಂದರೆ ಮುಂದಿನ ಮಗು ಶಾಲೆಯ ಗೇಟು ಮುಟ್ಟುವಾಗ ಹಿಂದಿನ ಅಜ್ಜಿ ಇನ್ನೂ ಕಾರ್ಖಾನೆಯ ಅಂಗಳ ಬಿಟ್ಟಿರಲಿಲ್ಲ. ಸಾಲು ದಾಟಿ ಮುಗಿಯುವಷ್ಟರಲ್ಲಿ ನಾನು ಲಾರಿ ನಿಲ್ಲಿಸಿಕೊಂಡು ಥರ್ಮಾಸಿನ ಕಾಫಿ ಮುಗಿಸುತ್ತಿದ್ದೆ. ಒಂದು ದಿನ ಹಗ್ಗ ಸಾಲದೆ ಕಾರ್ಖಾನೆಯಿಂದ ಇನ್ನೊಂದು ತಂದು ಗಂಟು ಹಾಕಿದರು.

ವಸಂತದಲ್ಲಿ ಓಡ್ಗೈರ್ ಇನ್ನೊಂದು ಮಾಡಿದ. ಒಂದು ದಿನ ಅಪ್ಪ ಅಮ್ಮಂದಿರು ಹಗ್ಗ ಹಿಡಿಯಬೇಕು, ಮಕ್ಕಳು ಕರೆದುಕೊಂಡು ಹೋಗಬೇಕು. ನಮಗೆ ಕೊಟ್ಟದ್ದು ಮಕ್ಕಳ ಅಳತೆಯ ಕೋಟು. ನನ್ನ ಕೋಟು ಎದೆಯ ಮೇಲೇ ನಿಂತಿತು. ವೀದಾರ್ ಮೊಬೈಲ್ ನೋಡುತ್ತಾ ನಡೆದು ದೀಪದ ಕಂಬಕ್ಕೆ ಹಣೆ ಕುಟ್ಟಿಕೊಂಡ.

"ಅಪ್ಪಾ, ಹೋಗು ಹಿಂದೆ. ಗುನ್‌ವೋರಜ್ಜಿ ಕೈ ಹಿಡ್ಕೋ," ಅಂದ ಅವನ ಮಗ.

ನಾನು ನಕ್ಕೆ. ನಗುತ್ತಾ ರಸ್ತೆಗೆ ಕಾಲಿಟ್ಟೆ.

"ಅಪ್ಪಾ! ನಾನು 'ಈಗ' ಅಂದ್ನಾ?" ಸೀಗ್ನೆ ನನ್ನ ಕೋಟು ಹಿಡಿದು ಎಳೆದಳು. ಎದುರಿಗೆ ನಮ್ಮ ಕಾರ್ಖಾನೆಯದೇ ಲಾರಿ ಹಾದುಹೋಯಿತು. ಅವತ್ತಿನಿಂದ ಆ ಜಾಗದಲ್ಲಿ ನನ್ನ ಲಾರಿ ನಿಧಾನ.

ಹೀಗೆ ವರ್ಷಗಳು ನಡೆದವು. ಶಾಲೆಗೆ ಹೊಸ ಹೆಡ್ ಮೇಡಂ ಬಂದರು. ಹೆಸರು ತೂರಿಡ್. ಒಳ್ಳೆಯವರು, ನಿಯಮದವರು. ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು ಸಾಲು ನೋಡಿ ಮೆಚ್ಚಿದರು. ಓಡ್ಗೈರ್‌ನ ಕೈ ಕುಲುಕಿ ಕೇಳಿದರು:

"ಇದ್ರಲ್ಲಿ ನಿಮ್ಮ ಮಗು ಯಾವ್ದು?"

ಸಾಲಿನಲ್ಲಿದ್ದ ಮಕ್ಕಳೆಲ್ಲ ಕೈ ಎತ್ತಿದರು. ಗುನ್‌ವೋರಜ್ಜಿಯೂ ಎತ್ತಿದಳು.

"ಎಲ್ರೂನಾ?"

"ಒಬ್ರೂ ಅಲ್ಲ," ಅಂದ ಓಡ್ಗೈರ್. ಅವನಿಗೆ ಸುಳ್ಳು ಬರುವುದಿಲ್ಲ.

ಹೆಡ್ ಮೇಡಂ ಮುಖ ಬಿಗಿಯಾಯಿತು. ಪ್ರತಿನಿಧಿ ಆಗುವವರಿಗೆ ತರಗತಿಯಲ್ಲಿ ಮಗು ಇರಬೇಕು. ಹಗ್ಗ ಹಿಡಿದು ಮಕ್ಕಳನ್ನು ಕರೆದೊಯ್ಯುವುದೂ ಪ್ರತಿನಿಧಿಯ ಕೆಲಸ, ಬೇರೆಯವರದಲ್ಲ. ಮುಂದಿನ ಸಭೆಯಲ್ಲಿ ಹೊಸಬರನ್ನು ಆರಿಸಿ ಎಂದರು.

ಆ ಮಧ್ಯಾಹ್ನ ಓಡ್ಗೈರ್ ಉಪ್ಪಿನ ತೊಟ್ಟಿಯ ಹತ್ತಿರ ನಿಂತಿದ್ದ. ಕೆಲಸ ಮಾಡುತ್ತಿರಲಿಲ್ಲ.

"ಬೆಳಗಿನ ಪಾಳಿಗೆ ವಾಪಸ್ ಬರ್ತೀಯಾ?" ಕೇಳಿದೆ.

"ಅದು ಬೇರೆಯವ್ರಿಗೆ ಕೊಟ್ಬಿಟ್ರು." ಉಪ್ಪಿನ ಸಲಿಕೆಯನ್ನು ತೊಟ್ಟಿಗೆ ಒರಗಿಸಿದ. "ಬೆಳಿಗ್ಗೆ ಕಿಟಕೀಲಿ ಕೂತ್ಕೊಂಡು ಏನ್ ಮಾಡ್ಲಿ ನಾನು?"

ಅವನು ನನ್ನ ಹತ್ತಿರ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

ನಾವು ಪೋಷಕರೆಲ್ಲ ವೀದಾರ್‌ನ ಆಸ್ಪತ್ರೆಯಲ್ಲಿ ಸೇರಿದೆವು. ಓಡ್ಗೈರ್‌ಗೆ ಮಗು ಬೇಕು, ಅಷ್ಟೇ ತಾನೆ? ವೀದಾರ್ ತನ್ನ ಮಗನನ್ನು ಕೊಡುತ್ತೇನೆಂದ.

"ತಗೊಳ್ಲಿ ಬಿಡು. ಒಳ್ಳೆ ಹುಡುಗ. ಸ್ವಲ್ಪ ಜಾಸ್ತಿ ತಿಂತಾನೆ."

ಸೀಗ್ನೆ ತಾನೇ ಹೋಗುತ್ತೇನೆಂದಳು. ಓಡ್ಗೈರ್ ಮಾಡುವ ಮೀನಿನ ವಡೆ ತನ್ನಮ್ಮ ಮಾಡುವುದಕ್ಕಿಂತ ರುಚಿ ಎಂದಳು. ನನ್ನ ಹೆಂಡತಿ ಮಾರಿತ್ ಎರಡು ದಿನ ಇಬ್ಬರ ಜೊತೆಯೂ ಮಾತು ಬಿಟ್ಟಳು. ಕೊನೆಗೆ ವಾರಕ್ಕೊಂದು ಮನೆಯ ಮಗು ಅವನದು ಎಂದು ತೀರ್ಮಾನಿಸಿ ಹೆಡ್ ಮೇಡಂ ಹತ್ತಿರ ಹೋದೆವು.

"ಮಕ್ಕಳೇನು ಗ್ರಂಥಾಲಯದ ಪುಸ್ತಕಾನಾ?" ಅಂದರು ಅವರು. ಅಲ್ಲಿಗೆ ಮುಗಿಯಿತು.

ಸಭೆಯ ದಿನ ಬಂತು. ಓಡ್ಗೈರ್‌ಗೆ ಮೇಜಿನ ಹತ್ತಿರ ಜಾಗವಿಲ್ಲ. ಆದರೂ ಬಂದ. ಮೂಲೆಯಲ್ಲಿ ನಿಂತು ನಮಗೆಲ್ಲ ವಾಫಲ್ ಸುಡುತ್ತಿದ್ದ. ಯಾರೂ ಹೇಳಿರಲಿಲ್ಲ.

ಈ ಸಲ ಟೀಚರ್ ಬದಲು ಹೆಡ್ ಮೇಡಂ ತಾವೇ ಕೇಳಿದರು: "ಪ್ರತಿನಿಧಿ ಯಾರಾಗ್ತೀರಿ?"

ಮೌನ.

ಅಂಥ ಮೌನ ಆ ಶಾಲೆಯಲ್ಲಿ ಅದಕ್ಕಿಂತ ಮೊದಲು ಆಗಿರಲಿಲ್ಲ. ಹಿಂದೆಲ್ಲ ನಾವು ಹೆದರಿ ಸುಮ್ಮನಿರುತ್ತಿದ್ದೆವು. ಅವತ್ತು ಬೇಕೆಂದೇ ಸುಮ್ಮನಿದ್ದೆವು. ಕಾಫಿ ಆರಿತು. ವೀದಾರ್‌ನ ಮೂಗಿನ ಮೇಲೆ ನೊಣ ಕೂತಿತು, ತುಟಿಗೆ ಇಳಿಯಿತು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ಮಾರಿತ್‌ಗೆ ಫೋನ್ ಬಂತು, ಪೂರ್ತಿ ಬಡಿದುಕೊಂಡು ನಿಂತಿತು. ಸೀಗ್ನೆ ಬಾಗಿಲಿನಿಂದ ಇಣುಕಿ "ಮನೆಗೆ ಹೋಗೋಣ್ವಾ?" ಅಂದಳು. ನಾನು ಕಲ್ಲಿನಂತೆ ಕೂತೆ. ಅವಳು ನಮ್ಮನ್ನೆಲ್ಲ ಒಮ್ಮೆ ನೋಡಿ ಬಾಗಿಲು ಮೆಲ್ಲಗೆ ಹಾಕಿದಳು.

ಪ್ರತಿನಿಧಿ ಸಿಗದೆ ಸಭೆ ಮುಗಿಸುವ ಹಾಗಿಲ್ಲ. ಅದೂ ನಿಯಮವೇ. ಹೆಡ್ ಮೇಡಂ ಗಡಿಯಾರ ನೋಡಿದರು. ನಮ್ಮನ್ನು ನೋಡಿದರು. ಮೂಲೆಯಲ್ಲಿ ಓಡ್ಗೈರ್ ಹಿಟ್ಟು ಹುಯ್ಯುತ್ತಿದ್ದ, ತೆಗೆಯುತ್ತಿದ್ದ. ತಟ್ಟೆಯಲ್ಲಿ ವಾಫಲ್ ಗುಡ್ಡೆಯಾಗುತ್ತಿತ್ತು. ಕೋಣೆ ತುಂಬ ಏಲಕ್ಕಿ ಮತ್ತು ಬೆಣ್ಣೆಯ ವಾಸನೆ. ಪಾಪ, ಆಕೆ ಬೆಳಗಿನಿಂದ ಒಂದಾದ ಮೇಲೆ ಒಂದು ಸಭೆ ಮಾಡಿ ಊಟ ಬಿಟ್ಟಿದ್ದರು.

ಅವರು ಎದ್ದು ಹೋಗಿ ಒಂದು ವಾಫಲ್ ಎತ್ತಿಕೊಂಡರು.

ಚಪ್ಪಾಳೆ ಬಿತ್ತು. ನೊಣ ಹಾರಿತು.

"ಏನು?" ಅಂದರು ಹೆಡ್ ಮೇಡಂ.

"ನೀವೇ ಪ್ರತಿನಿಧಿ. ಶುಭವಾಗ್ಲಿ!" ಅಂದಳು ಮಾರಿತ್.

"ನಾನು ಈ ಶಾಲೆ ಹೆಡ್ಡು ಕಣ್ರೀ!"

"ಅದೆಲ್ಲಾ ಸಣ್ಣ ವಿಷಯ," ಅಂದ ವೀದಾರ್, ಮೂಗು ಕೆರೆದುಕೊಳ್ಳುತ್ತಾ. "ಇನ್ಮೇಲೆ ಶಾಲೆ ಮೇಲೆ ದೂರಿದ್ರೆ ನೀವೇ ಹೇಳ್ಬೇಕು, ನೀವೇ ಕೇಳ್ಬೇಕು. ಬೆಳಿಗ್ಗೆ ಹಗ್ಗ ನೀವೇ ಹಿಡೀಬೇಕು, ಗೇಟಲ್ಲಿ ನಿಂತು ನೀವೇ ನೋಡ್ಬೇಕು."

ಅವರು ವಾಫಲ್ ವಾಪಸ್ ತಟ್ಟೆಗಿಡಲು ಹೋದರು.

"ಮುಟ್ಟಿದ್ದನ್ನ ಇಡೋ ಹಾಗಿಲ್ಲ," ಅಂದೆ ನಾನು. ಸಭೆಯಲ್ಲಿ ನಾನು ಬಾಯಿ ಬಿಟ್ಟದ್ದು ಅದೊಂದೇ ಸಲ.

ಹೆಡ್ ಮೇಡಂ ಕೈಯಲ್ಲಿದ್ದ ವಾಫಲ್ ನೋಡಿದರು. ಅದು ತಣ್ಣಗಾಗುತ್ತಿತ್ತು. ಆಮೇಲೆ ಓಡ್ಗೈರ್‌ನನ್ನು ನೋಡಿದರು. ಅವನು ನೆಲ ನೋಡುತ್ತಾ ನಿಂತಿದ್ದ. ಕೈಯಲ್ಲಿ ಹಿಟ್ಟಿನ ಸೌಟು.

"ತಗೊಳ್ಳಿ," ಎಂದು ಅವನ ಮುಂದೆ ಹಿಡಿದರು. "ನೀವೇ ತಿನ್ನಿ."

"ನಿಯಮ?" ಅಂದ ಓಡ್ಗೈರ್.

"ನಿಯಮ ನಾನು ನೋಡ್ಕೋತೀನಿ. ನನ್ ಜೊತೆ ನಾನೇ ಸಭೆ ಮಾಡೋಕಾಗಲ್ಲ."

ಓಡ್ಗೈರ್ ವಾಫಲ್ ತೆಗೆದುಕೊಂಡು ತಿರುಗಿಸಿ ನೋಡಿದ. ನಮಗೆಲ್ಲ ಮತ್ತೆ ಉಸಿರು ನಿಂತಿತು.

"ಜಾಮ್ ಇಲ್ವಾ?"

ಹೆಡ್ ಮೇಡಂ ಜಾಮ್ ಹಚ್ಚಿ ಕೊಟ್ಟರು. ಅವನು ನಿಂತಲ್ಲೇ ಪೂರ್ತಿ ತಿಂದ.

ಮರುದಿನ ಬೆಳಿಗ್ಗೆ ಓಡ್ಗೈರ್ ಕಾರ್ಖಾನೆಯ ಅಂಗಳದಲ್ಲಿ ಹಾಜರಿ ಕೂಗುತ್ತಿದ್ದ. ಹಗ್ಗದ ತುದಿಯಲ್ಲಿ, ಗುನ್‌ವೋರಜ್ಜಿಯ ಹಿಂದೆ, ಹಳದಿ ಕೋಟು ಹಾಕಿಕೊಂಡು ಹೆಡ್ ಮೇಡಂ ನಿಂತಿದ್ದರು.

"ತೂರಿಡ್?"

"ಬಂದಿದ್ದೀನಿ."

"ಫೋನ್ ಒಳಗಿಡಿ," ಅಂದಳು ಸೀಗ್ನೆ, ಸಾಲಿನ ಮುಂದಿನಿಂದ. ಅವರು ಫೋನನ್ನು ಚೀಲಕ್ಕೆ ಹಾಕಿದರು. ಸೀಗ್ನೆ ಎಡ ನೋಡಿದಳು, ಬಲ ನೋಡಿದಳು. ನಾನು ಲಾರಿ ನಿಲ್ಲಿಸಿದ್ದೆ. ಥರ್ಮಾಸಿನ ಮುಚ್ಚಳ ತೆಗೆದೆ.