ಕೆಳಗಿನ ಎರಡು ಎಕರೆ

ನಮ್ಮ ಮಾವನವರಿಗೆ ನೀರು ಹಾಯಿಸುವುದು ಮರ್ಯಾದೆಯ ವಿಷಯ. ಕಬ್ಬಿನ ಸಾಲಿಗೆ ಬಿಟ್ಟ ನೀರು ಕೊನೆಯ ಬದುವನ್ನು ಮುಟ್ಟಿ, ಅಲ್ಲಿ ಪಾದ ಮುಳುಗುವಷ್ಟು ನಿಂತರೇ ಹೊಲಕ್ಕೆ ನೀರು ಹಾಯಿಸಿದಂತೆ. ಬೀಗರು ಬಂದರೆ ಚಹಾ ಕುಡಿಸಿ ಮೊದಲು ತೋರಿಸುತ್ತಿದ್ದದ್ದು ಆ ನಿಂತ ನೀರನ್ನು. ಅವರೊಬ್ಬರೇ ಹೀಗೆ ಅಂದುಕೊಳ್ಳಬೇಡಿ. ಬದು ತುಳುಕಿಸಿ ಪಕ್ಕದವರ ಹೊಲಕ್ಕೂ ನೀರು ಹರಿಸಿದವನೇ ನಮ್ಮ ರಾಯಬಾಗ ಸೀಮೆಯಲ್ಲಿ ದೊಡ್ಡ ರೈತ.

ಅವರನ್ನು ಆಡಿಕೊಳ್ಳುವುದು ಸುಲಭ, ನಾನು ಬೇಕಾದಷ್ಟು ಆಡಿಕೊಂಡಿದ್ದೇನೆ. ಆದರೆ ಹೊಳೆಯಿಂದ ಪೈಪ್‌ಲೈನ್ ಎಳೆದು ನಮ್ಮೂರ ಒಣ ಎರೆಹೊಲಕ್ಕೆ ಮೊದಲು ನೀರು ತಂದವರು ಅವರೇ. ಮೊದಲ ಟ್ರ್ಯಾಕ್ಟರ್ ಅವರದು, ಯೂರಿಯಾ ಚೀಲ ಮೊದಲು ಬಿಚ್ಚಿದ್ದೂ ಅವರೇ. ಜೋಳವಷ್ಟೇ ಕಂಡಿದ್ದ ನೆಲದಲ್ಲಿ ಕಬ್ಬು ನಿಂತಿತು. ನಾದಿನಿಯರಿಬ್ಬರೂ ಚಿಕ್ಕೋಡಿಯಲ್ಲಿ ಕಾಲೇಜು ಓದಿದರು. ಹೊಸ ಬೇಸಾಯವನ್ನು ಕೂತಲ್ಲೇ ಬೈಯುವವರು ಒಮ್ಮೆ ನಮ್ಮ ಅತ್ತೆಯ ಹತ್ತಿರ ಬರಬೇಕು. ಬಾವಿಯಿಂದ ಕೊಡ ಹೊತ್ತು ಹೊತ್ತು ಅವರ ನಡು ಇಂದಿಗೂ ನೋಯುತ್ತದೆ.

ನಾನು ಸೊಸೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಹೊಲದ ತಗ್ಗಿನ ಭಾಗಕ್ಕೆ ಸವಳು ಹತ್ತಿತು. ಬೇಸಿಗೆಯಲ್ಲಿ ಆ ಎರಡು ಎಕರೆಯ ಮೇಲೆ ಯಾರೋ ಉಪ್ಪು ಚೆಲ್ಲಿ ಹೋದಂತೆ ಬೆಳ್ಳಗೆ ಕಾಣುತ್ತಿತ್ತು. ಅತ್ತೆ ದೃಷ್ಟಿ ತಾಗಿದೆ ಎಂದರು. ಮಾವನವರು ನೀರು ಸಾಲದೆ ಹೀಗಾಗಿದೆ ಎಂದು ಮತ್ತಷ್ಟು ನೀರು ಹಾಯಿಸಿದರು, ಮತ್ತೆರಡು ಚೀಲ ಗೊಬ್ಬರ ಸುರಿದರು. ಮರುವರ್ಷ ಅಲ್ಲಿ ಕಬ್ಬು ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ಸುರುಟಿತು. ಅದರ ಮರುವರ್ಷ ಹುಲ್ಲೂ ಬರಲಿಲ್ಲ.

ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆ ನಮ್ಮದು. ಹಾಗೆ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಾವನವರು ತಲೆ ಎತ್ತದೆ ಹೇಳಿದರು.

“ಕೆಳಗಿನ ಎರಡೆಕರೆ ಪ್ಲಾಟ್ ಹಾಕಿಸಿಬಿಡೂನು. ಮುಗಳಖೋಡ ರಸ್ತಾಕ್ಕ ಹತ್ತೇತಿ, ಮನಿ ಕಟ್ಟವರು ತಗೋತಾರ.”

ನನ್ನ ಗಂಡ ಸಾರಿನಲ್ಲಿ ಏನೋ ಕಳೆದುಕೊಂಡವರಂತೆ ಹುಡುಕತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ತವರಿನ ಹೊಲ ರಸ್ತೆ ಬದಿಯ ಅಂಗಡಿಗಳ ಅಡಿ ಸೇರಿಹೋದದ್ದನ್ನು ಕಣ್ಣಾರೆ ಕಂಡವಳು ನಾನು. ಒಮ್ಮೆ ಪ್ಲಾಟಿನ ಕಲ್ಲು ನೆಟ್ಟರೆ ಆ ನೆಲ ಮತ್ತೆ ಬೆಳೆ ಕಾಣುವುದಿಲ್ಲ.

“ಮಾವಾರ, ನನಗ ಒಂದ ಬೆಳಿ ತನಕ ಟೈಮ್ ಕೊಡ್ರಿ. ಅಲ್ಲೇ ಕಬ್ಬ ಬೆಳದ ತೋರಸ್ತೀನಿ. ಬರಲಿಲ್ಲಂದ್ರ ಪ್ಲಾಟ್ ಹಾಕಸ್ರಿ, ನಾ ಮತ್ತ ಬಾಯಿ ತೆರಿಯೂದಿಲ್ಲ.”

“ನೀ ಬಾಯಿ ತೆರಿಯೂದಿಲ್ಲ ಅನ್ನೂದಾದ್ರ ಒಂದ ಬೆಳಿ ಏನು, ಎರಡ ನೋಡೂನು,” ಎಂದು ಅವರು ಕೈ ತೊಳೆದು ಎದ್ದರು.

ಎದೆ ತಟ್ಟಿ ಹೇಳಿದ್ದೆನೇ ಹೊರತು ಏನು ಮಾಡಬೇಕೆಂಬುದು ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಕೇಳಿದವರೆಲ್ಲ ಒಂದೊಂದು ಹೇಳಿದರು. ಕೊನೆಗೆ ಚಿಕ್ಕೋಡಿಯಲ್ಲಿ ರೈತ ಮಹಿಳೆಯರಿಗೆಂದು ನಡೆದ ತರಬೇತಿಗೆ ಹೋದೆ. ಅಲ್ಲಿಂದ ನಮ್ಮನ್ನು ಕಾಗವಾಡದ ಕಡೆ ಒಬ್ಬ ಮುಸ್ಲಿಂ ರೈತರ ಹೊಲಕ್ಕೆ ಕರೆದೊಯ್ದರು. ಅವರದೂ ಸವಳು ಹತ್ತಿದ್ದ ನೆಲ. ಈಗ ಅಲ್ಲಿ ತಲೆಗಿಂತ ಎತ್ತರದ ಕಬ್ಬು. ಹೊಲದ ಅಂಚಿನಲ್ಲಿ ಒಂದು ಪೈಪಿನ ಬಾಯಿಂದ ಹಳ್ಳಕ್ಕೆ ನೀರು ಸಣ್ಣಗೆ ಸುರಿಯುತ್ತಿತ್ತು.

“ಒಂದ ಹನಿ ನಾಲಿಗಿ ಮ್ಯಾಲ ಹಾಕ್ಕೋರಿ ಅಕ್ಕಾರ,” ಎಂದರು ಅವರು.

ಹಾಕಿಕೊಂಡೆ. ಉಪ್ಪು.

“ಇದು ನಾವ ಹಾಯಿಸಿದ ನೀರು. ಮ್ಯಾಲ ಕುಡಿಸಿದಿವಿ, ಹೋಗಾಕ ದಾರಿ ಕೊಡಲಿಲ್ಲ. ತಳದಾಗಿನ ಉಪ್ಪ ಹೊತಗೊಂಡ ಮ್ಯಾಲ ಬಂದು ಕುಂತೈತಿ.”

ಬಸ್ಸಿನಲ್ಲಿ ಮರಳುವಾಗ ನನಗೆ ಖುಷಿಗಿಂತ ದುಃಖವೇ ಹೆಚ್ಚಾಗಿತ್ತು. ಇಷ್ಟು ವರ್ಷ ಮಾವನವರು ಪ್ರೀತಿಯಿಂದಲೇ ಆ ನೆಲವನ್ನು ಕೊಂದಿದ್ದರು. ಇದನ್ನು ಅವರ ಮುಂದೆ ಹೇಳುವ ಧೈರ್ಯ ನನಗೂ ಇರಲಿಲ್ಲ. ಹೊಲದೊಳಗಿನ ಹೆಚ್ಚಿನ ನೀರು ಹೋಗಲು ದಾರಿ ಮಾಡಬೇಕಂತೆ ಎಂದಷ್ಟೇ ಹೇಳಿದೆ.

ಬೇಸಿಗೆಯಲ್ಲಿ ಜೆಸಿಬಿ ತರಿಸಿ ಆಳುದ್ದದ ಕಾಲುವೆ ತೋಡಿಸಿದೆವು. ತಳದಲ್ಲಿ ತೂತಿನ ಪೈಪು ಹಾಸಿ, ಜಲ್ಲಿ ಸುರಿದು, ಇಳಿಜಾರು ನೋಡಿಕೊಂಡು ಹಳ್ಳಕ್ಕೆ ಬಿಟ್ಟೆವು. ಮಳೆಗಾಲಕ್ಕೆ ಹಸಿರು ಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂವಾಡುವ ಹೊತ್ತಿಗೆ ಮಣ್ಣಿನಲ್ಲೇ ಮಗುಚಿದೆವು. ಮಳೆ ನೀರು ಉಪ್ಪು ತೊಳೆದುಕೊಂಡು ಪೈಪಿನಿಂದ ಹರಿಯುವುದನ್ನು ನೋಡಲು ದಿನಕ್ಕೆರಡು ಸಲ ಹೋಗುತ್ತಿದ್ದೆ. ಆ ಉಪ್ಪೆಲ್ಲ ಹಳ್ಳ ಸೇರಿ ಇನ್ಯಾರ ಹೊಲಕ್ಕೆ ಹೋಗುತ್ತದೋ ಎಂಬ ಯೋಚನೆ ಬಂದಿತ್ತು, ಈಗಲೂ ಬರುತ್ತದೆ.

ಆಮೇಲೆ ಡ್ರಿಪ್ ಹಾಕಿ ಕಬ್ಬು ನೆಟ್ಟೆವು. ಮೊಳಕೆ ಚೆನ್ನಾಗಿಯೇ ಬಂತು. ಮಾವನವರು ಮಾತ್ರ ಕರಿ ಪೈಪುಗಳ ಹನಿ ನೋಡಿ ಮೂಗು ಮುರಿದರು. “ಇದೇನ್ ಕಬ್ಬಿಗಿ ನೀರೋ, ಕೂಸಿನ ಕಣ್ಣಿಗಿ ಔಷಧೋ?”

ಮೂರನೇ ತಿಂಗಳಿಗೆ ಕೆಳಗಿನ ಸಾಲುಗಳು ಹಳದಿಯಾದವು. ಕಾಲಿಟ್ಟರೆ ಪಿಚಕ್ ಎನ್ನುವಷ್ಟು ತೇವ. ತಳದ ಪೈಪು ಕಟ್ಟಿದೆಯೋ ಎಂದು ಹಳ್ಳಕ್ಕಿಳಿದು ನೋಡಿದರೆ ಅದು ಧಾರಾಳವಾಗಿ ಸುರಿಯುತ್ತಿತ್ತು. ಎಲ್ಲಿಂದ ಬರುತ್ತಿದೆ ಇಷ್ಟು ನೀರು? ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಹೊಲಕ್ಕೆ ಹೋದೆ. ಮಾವನವರು ಧೋತರ ಮೇಲೆ ಕಟ್ಟಿಕೊಂಡು, ಹಳೆಯ ಪೈಪ್‌ಲೈನಿನ ವಾಲ್ ತಿರುವಿ, ಡ್ರಿಪ್ ಪೈಪುಗಳ ಮೇಲೆಯೇ ಸಾಲು ತುಂಬಾ ನೀರು ಬಿಟ್ಟು ನಿಂತಿದ್ದರು. ಮುಖದಲ್ಲಿ ಎಂಥ ಸಮಾಧಾನ!

ನಾನು ಹಿರಿಯರು ಕಿರಿಯರು ನೋಡಲಿಲ್ಲ, ಬಾಯಿಗೆ ಬಂದದ್ದು ಅಂದೆ. ಅವರೂ ಗದರಿದರು.

“ಸಾಲಿನ ನಡುವ ನೆಲಾ ಬಿರಕ ಬಿಟ್ಟೇತಿ ನೋಡಲ್ಲಿ! ಬಾಯಿ ಒಣಗಿಸ್ಕೊಂಡ ನಿಂತಾವ ಅವು. ನನಗ ನೋಡಾಕ ಆಗಲಿಲ್ಲ.”

ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಅವರನ್ನು ನೀರು ಮುಟ್ಟದ ಮೇಲಿನ ಸಾಲಿಗೆ ಕರೆದೊಯ್ದೆ. ಕುರ್ಪಿಯಿಂದ ಕಬ್ಬಿನ ಬುಡದಲ್ಲಿ ಒಂದು ಗೇಣು ಅಗೆದು, ಅವರ ಕೈಯನ್ನೇ ಹಿಡಿದು ಒಳಗಿಟ್ಟೆ. ಮಣ್ಣು ತಂಪಾಗಿ ಉಂಡೆ ಕಟ್ಟುವಂತಿತ್ತು.

“ಕಬ್ಬ ಇಲ್ಲಿ ಕುಡಿತೈತ್ರಿ ಮಾವಾರ. ನಡುವಿನ ನೆಲಾ ಒಣಗಿದ್ರ ಒಣಗ್ಲಿ, ಅಲ್ಲಿ ಕಬ್ಬೇ ಇಲ್ಲ.”

ಮಾವನವರು ಆ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿದರು. ಆಮೇಲೆ ಕೇಳಿದರು. “ಹಂಗಾರ ಈ ಸವಳು... ನನ್ನ ನೀರಿಲೇ ಆತೇನು?”

ಸುಳ್ಳು ಹೇಳಬಹುದಿತ್ತು. “ಹೌದ್ರಿ,” ಎಂದೆ.

ಎದ್ದು ಹೋಗಿ ವಾಲ್ ಬಂದ್ ಮಾಡಿದರು. ನಾಲ್ಕು ದಿನ ಹೊಲದ ಕಡೆ ಕಾಲಿಡಲಿಲ್ಲ. ಐದನೆಯ ದಿನ ನೋಡುತ್ತೇನೆ, ಡ್ರಿಪ್ಪಿನ ಫಿಲ್ಟರ್ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆಸರು ತಿಕ್ಕುತ್ತ ಕೂತಿದ್ದಾರೆ. ಇಲಿ ಕಡಿದ ಪೈಪಿಗೆ ಜೋಡು ಹಾಕುವುದನ್ನೂ ಕಲಿತರು. ಆ ಕೆಲಸ ಮುಗಿಯುವುದೇ ಇಲ್ಲ. ಹರಿದ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಗುಡ್ಡೆಯಾಗಿದೆ, ಅದನ್ನು ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಲಿಲ್ಲ. ಕಳೆಗೆ ಮಾತ್ರ ನಾನು ಔಷಧಿ ಹೊಡೆಸಲಿಲ್ಲ. ಆ ಔಷಧಿ ಬಂದ ಮೇಲೆ ಕೂಲಿಯಿಲ್ಲದೆ ಕೂತ ಓಣಿಯ ಹೆಂಗಸರನ್ನೇ ಕಳೆ ಕೀಳಲು ಕರೆದೆ. ಅವರ ಹರಟೆಗೇ ಕಬ್ಬು ಅರ್ಧ ಬೆಳೆಯಿತು.

ಬೆಳೆಯಿತು ಅಂದರೆ ಎಂಥ ಬೆಳೆ! ಮರುವರ್ಷದ ದೀಪಾವಳಿಯ ಹೊತ್ತಿಗೆ ಒಳಗೆ ಹೋದವರು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಕಬ್ಬಿನ ಗಣಿಕೆ ನನ್ನ ಮುಂಗೈ ದಪ್ಪ. ಅಥಣಿಯ ಕಡೆಯಿಂದಲೂ ನೋಡಲು ಜನ ಬಂದರು, ಮಾವನವರು ಎಲ್ಲರ ಕೈಯನ್ನೂ ಮಣ್ಣಿನೊಳಗೆ ಇಡಿಸಿದರು. ಕಟಾವಿನ ದಿನ ಕಬ್ಬು ಕಡಿಯುವ ಗ್ಯಾಂಗಿನವರು ಕೊನೆಯ ಟ್ರ್ಯಾಲಿಗೆ ಬಾಳೆಕಂಬ ಕಟ್ಟಿ, ಹಾಡು ಹಚ್ಚಿ, ರಸ್ತೆಗಿಳಿದರು. ನಾನು ನಾಚಿಕೆ ಬಿಟ್ಟು ಬದುವಿನ ಮೇಲೆ ನಿಂತು ಸಿಳ್ಳೆ ಹೊಡೆದೆ.

ಅದಾದ ವಾರಕ್ಕೆ ಪ್ಲಾಟಿನ ಏಜೆಂಟರು ಅಳತೆಯ ಟೇಪು ಹಿಡಿದು ಬಂದರು. ಹಿಂದೆ ಮಾವನವರೇ ಅವರಿಗೆ ಹೇಳಿಕಳಿಸಿದ್ದರಂತೆ. ಕಬ್ಬು ಹೋಯಿತು, ಹೊಲ ಖಾಲಿಯಾಯಿತು, ಇನ್ನು ಅಳೆಯೋಣವೇ ಎಂದು ಅವರು ಕೇಳುವುದು ಒಲೆಯ ಮುಂದೆ ಕೂತ ನನಗೆ ಕೇಳಿಸಿತು. ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಕಿವಿಗೊಟ್ಟೆ. ಆಮೇಲೆ ಮಾವನವರ ದನಿ ಕೇಳಿತು.

“ಹೊಲದ ಉತಾರದ ಕಾಗದದಾಗ ನನ್ನ ಹೆಸರ ಐತ್ರಿ, ಖರೇ. ಆದ್ರ ನಾ ಆ ನೆಲಾ ಕೊಂದಾವ, ನನ್ನ ಕೇಳಬ್ಯಾಡ್ರಿ. ಬದುಕಿಸಿದ ಮಾಲಕರು ಒಳಗ ರೊಟ್ಟಿ ಬಡ್ಯಾಕತ್ತಾರ. ಅವರನ್ನ ಕೇಳ್ರಿ.”

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅವರು ಕಟ್ಟೆಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

“ಕೊಡೂದಿಲ್ರಿ,” ಎಂದೆ. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಓಣಿಯ ತುದಿಯವರೆಗೂ ಕೇಳಲಿ ಎಂದೇ ಹೇಳಿದೆ.