ತಾರಸಿಗೆ ಪರೀಕ್ಷೆ, ಜ್ವರ ನನಗೆ

ಗೆಳೆಯರೇ, ಇವತ್ತು ಇಡೀ ದಿನ ನಾನು ಒಂದು ಕೋಣೆಯ ಸೀಲಿಂಗನ್ನೇ ದಿಟ್ಟಿಸುತ್ತ ಕೂತಿದ್ದೆ. ದೇವಳಾಲಿ ಕ್ಯಾಂಪಿನ ಆ ಬಾಡಿಗೆ ಮನೆಯ ಉಸ್ತುವಾರಿ ನನ್ನದು, ವಾಸ ಕಲಬುರಗಿಯಿಂದ ಬಂದ ಶಾಂತಕ್ಕನವರದು. ನಾಳೆ ಅದೇ ಕೋಣೆಯಲ್ಲಿ ಅವರ ಮೊಮ್ಮಗಳ ತೊಟ್ಟಿಲ ಶಾಸ್ತ್ರ.

"ತೊಟ್ಟಿಲ ಮ್ಯಾಲ ಒಂದ್ ಹನಿ ಬಿದ್ರೂ ಮನಿ ಬಿಡ್ತೀವಿ ನೋಡ್ರಿ," ಎಂದಿದ್ದರು.

ಸೋರುತ್ತಿದ್ದ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿದ ಗುತ್ತಿಗೆದಾರರು ಬೆಳಿಗ್ಗೆ ಬಂದು, ನೀರು ಹೋಗುವ ಪೈಪಿಗೆ ಬಟ್ಟೆ ತುರುಕಿ, ತಾರಸಿಯ ತುಂಬ ನೀರು ನಿಲ್ಲಿಸಿ ಹೋದರು. ಸಂಜೆಯವರೆಗೆ ಸೋರದಿದ್ದರೆ ಕೆಲಸ ಪಾಸು.

ಸಂಜೆಯಾಯಿತು. ಸೋರಿದ್ದು ನನ್ನ ಹಣೆ ಮಾತ್ರ. ಫೋನ್ ಮಾಡಿದರೆ ಗುತ್ತಿಗೆದಾರರು, "ಕಾಳಜಿ ಕರೂ ನಕಾ ಸಾಹೇಬ್, ಪಾಸ್," ಎಂದು ಮರಾಠಿಯಲ್ಲೇ ಚಿಂತೆ ಬೇಡವೆಂದರು. ಓಡಿಹೋಗಿ ಶಾಂತಕ್ಕನಿಗೆ ಹೇಳಿದೆ.

"ಹೆಂಗ ಸೋರ್ತದ್ರಿ? ಯಾರೋ ಪೈಪಿನ್ಯಾಗ ಅರಬಿ ತುರುಕಿದ್ರು. ನೀರು ನಿಂತಿತ್ತು. ನಿಮಗ್ಯಾಕ ತ್ರಾಸಂತ ಮುಂಜಾನೇನ ನಾನೇ ಕಿತ್ತಿ ಒಗದೀನಿ. ನಾಳಿನ ಪಾಯಸಕ್ಕ ಶ್ಯಾವಿಗಿನೂ ಅಲ್ಲೇ ಒಣಗಸೀನ್ರಿ."

ಈಗ ಮೋಡ ಕವಿದಿದೆ. ಶ್ಯಾವಿಗೆ ಕೆಳಗೆ ಬಂದಿದೆ. ಪಾಸಾದ ತಾರಸಿಗೆ ಪರೀಕ್ಷೆ ಇನ್ನೇನು ಶುರುವಾಗಲಿದೆ. ತೊಟ್ಟಿಲ ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದೇನೆ.