ಕಾಲುವೆ ಓಣಿಗೆ ಶಾಲೆಯ ಸುದ್ದಿ ಒಯ್ದವಳು

ಹೊನ್ನೂರಮ್ಮ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಸರ್ಕಾರ ಕೊಟ್ಟ ಕೆಲಸ ಅಷ್ಟೇ. ಆದರೆ ಊರಲ್ಲಿ ಕೇಳಿದರೆ ಅವಳ ಸಾರಿನ ಮಾತು ಆಮೇಲೆ ಬರುತ್ತದೆ, ಮೊದಲು ಬರುವುದು ಅವಳ ಬಾಯಿಯ ಮಾತು. ಹಗಲು ಶಾಲೆಯಲ್ಲಿ ನಡೆದದ್ದು ಸಂಜೆಗೆ ಕಾಲುವೆ ಓಣಿಯ ಮನೆಮನೆಗೆ ಮುಟ್ಟುತ್ತಿದ್ದುದು ಆ ಬಾಯಿಂದಲೇ.

ನಮ್ಮದು ಕರೂರಿನಾಚೆ ಕಾಲುವೆಯ ದಂಡೆಗೆ ಅಂಟಿಕೊಂಡಿರುವ ಸಣ್ಣ ಊರು. ಏಳನೇ ತರಗತಿಯವರೆಗೆ ಶಾಲೆ ಇತ್ತು. ಓಣಿಯ ಗಂಡಸರು ಬಹಳ ಮಂದಿ ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ಇರುವವರು. ಹೆಂಗಸರು ಬೆಳಕು ಹರಿಯುವ ಮೊದಲೇ ಟೆಂಪೊ ಹತ್ತಿ ಭತ್ತದ ನಾಟಿಗೋ, ಕಳೆ ಕೀಳಲಿಕ್ಕೋ, ಮೆಣಸಿನಕಾಯಿ ಬಿಡಿಸಲಿಕ್ಕೋ ಹೋಗಿ ಹೊತ್ತು ಮುಳುಗಿದ ಮೇಲೆ ಬರುವವರು. ಶಾಲೆ ತೆರೆದಾಗ ಅವರು ಕೆಸರಿನಲ್ಲಿ, ಅವರು ಬಂದಾಗ ಶಾಲೆಗೆ ಬೀಗ. ಹೆತ್ತವಳೂ ಕಲಿಸುವವಳೂ ಒಬ್ಬರ ಮುಖ ಒಬ್ಬರು ಕಾಣುವುದೇ ಅಪರೂಪ. ಆ ನಡುವಿನ ಹಾದಿಯನ್ನು ತುಳಿದು ತುಳಿದು ಹಸನು ಮಾಡಿದವಳು ಹೊನ್ನೂರಮ್ಮ.

ಅವಳು ಹುಟ್ಟಿದ್ದು ಹೊಳೆಯ ಮಗ್ಗುಲಿನ ರಾರಾವಿಯಲ್ಲಿ. ಮದುವೆಯಾಗಿ ನಮ್ಮೂರಿಗೆ ಬಂದಳು. ಗಂಡ ಎರ್ರೆಪ್ಪ ಕಾಮಾಲೆಯಾಗಿ ತೀರಿಕೊಂಡಾಗ ಮಗ ಹುಲುಗೇಶ್ ಇನ್ನೂ ಚಡ್ಡಿ ಹಾಕುವ ಹುಡುಗ. ಅಕ್ಕನಿಗೆ ಆಸರೆಯಾಗಲೆಂದು ಬಂದ ತಮ್ಮ ಗಾಳೆಪ್ಪ ಇಲ್ಲೇ ಬೇರುಬಿಟ್ಟ, ಓಣಿಯ ಹೆಂಗಸರ ಕೂಲಿ ಗುಂಪಿಗೆ ಮೇಸ್ತ್ರಿಯಾದ, ಟೆಂಪೊ ಇಟ್ಟ. ಅವನ ಮಗಳು ಸುಮಂಗಲಾಳನ್ನೇ ಹೊನ್ನೂರಮ್ಮ ಸೊಸೆ ಮಾಡಿಕೊಂಡಳು. ಮೀನಾ ಅಕ್ಕ ತಮ್ಮ ಇಬ್ಬರಿಗೂ ಮೊಮ್ಮಗಳು. ಐದನೇ ತರಗತಿಯಲ್ಲಿದ್ದಳು, ಓದಿನಲ್ಲಿ ಚುರುಕು.

ಸುದ್ದಿ ಹೇಳುವುದರಲ್ಲಿ ಹೊನ್ನೂರಮ್ಮನದೇ ಒಂದು ರೀತಿ ಇತ್ತು. ಓಣಿಯಲ್ಲಿ ನಿಂತು ಕೂಗಿ ಹೇಳುವವಳಲ್ಲ. ಒಲೆಯ ಮುಂದೆ ಕೂತವಳ ಪಕ್ಕದಲ್ಲಿ ತಾನೂ ಕೂತು, ಈರುಳ್ಳಿ ಹೆಚ್ಚಿ ಕೊಡುತ್ತ ಹೇಳುವಳು.

“ನಿನ್ನ ಮಗ ಇವತ್ತ ಏಳರ ಮಗ್ಗಿ ಒಪ್ಪಿಸಿದ ಚನ್ನವೀರಮ್ಮ. ಎರಡು ಸಲ ತಪ್ಪಿ ಆಮ್ಯಾಲೆ ಒಪ್ಪಿಸಿದ.”

“ತಪ್ಪಿದ್ದು ಬಿಟ್ಟು ಹೇಳಬಾರದೇನಕ್ಕ.”

“ಬಿಟ್ಟು ಹೇಳಿದ್ರ ನಾಳಿ ನೀ ನನ್ನ ನಂಬ್ತೀ ಏನು?”

ಹೀಗೆ ಹೇಳಿಸಿಕೊಂಡ ತಾಯಿ ರಾತ್ರಿ ಉಂಡ ಮೇಲೆ ಮಗನನ್ನು ಕೂರಿಸಿಕೊಂಡು ಏಳರ ಮಗ್ಗಿ ಹೇಳಿಸುವಳು. ತನಗೆ ಬರದಿದ್ದರೂ ಹೇಳಿಸುವಳು. ನನ್ನ ಕೇಳಿದರೆ, ತಾಯಿತಂದೆಯರನ್ನು ಶಾಲೆಗೆ ಹತ್ತಿರ ತರುವುದೆಂದರೆ ಇಷ್ಟೇ. ಇದಕ್ಕೆ ಮಿಗಿಲಾದದ್ದನ್ನು ನಾನು ಎಲ್ಲೂ ಕಂಡಿಲ್ಲ.

ಮುಖ್ಯ ಟೀಚರಾಗಿ ಇಂದಿರಾಬಾಯಿ ಬಂದರು. ಬಳ್ಳಾರಿಯವರು, ದಿನಾ ಬಸ್ಸು ಬದಲಿಸಿ ಬರುವವರು. ಒಳ್ಳೆಯ ಜೀವ. ಹೊನ್ನೂರಮ್ಮ ಮೊಣಕಾಲು ಹಿಡಿದುಕೊಂಡು ಏಳುವುದನ್ನು ನೋಡಿ ಒಂದು ದಿನ ಅಂದರು, “ಎಷ್ಟಂತ ತಿರುಗತೀ ಹೊನ್ನೂರಮ್ಮ. ಇನ್ನ ಮ್ಯಾಲೆ ಎಲ್ಲಾ ಫೋನಿನಾಗ ಕಳಸ್ತೀನಿ. ಮಕ್ಕಳ ಮನಿ ನಂಬರ್ ತಂದು ಕೊಡು.”

ನಂಬರ್ ಕೇಳುತ್ತ ಹೋದರೆ ಒಬ್ಬಳ ಫೋನು ಗಂಡನ ಜೊತೆ ಬಳ್ಳಾರಿಯಲ್ಲಿ, ಇನ್ನೊಬ್ಬಳದಕ್ಕೆ ಕರೆನ್ಸಿ ಇಲ್ಲ, ಮತ್ತೊಬ್ಬಳದು ಒಡೆದು ಗೂಡಿನಲ್ಲಿ ಬಿದ್ದಿದೆ. ಹೊನ್ನೂರಮ್ಮನೇ ಒಂದು ದಾರಿ ತೆಗೆದಳು. ದಿನ ಬೆಳಗಾದರೆ ಎಲ್ಲ ಹೆಂಗಸರೂ ಕೂರುವುದು ಗಾಳೆಪ್ಪನ ಟೆಂಪೊದಲ್ಲಿ. ಮೇಸ್ತ್ರಿಯ ಫೋನು ಸತ್ತರೆ ಕೂಲಿಯೇ ಇಲ್ಲ, ಹಾಗಾಗಿ ಅವನದು ಯಾವತ್ತೂ ಜೀವಂತ. ಎಲ್ಲರೂ ಗಾಳೆಪ್ಪನ ನಂಬರನ್ನೇ ಕೊಡಲಿ.

ಇಂದಿರಾಬಾಯಿ ನಕ್ಕರು. “ಇಡೀ ಓಣಿಗೆ ಒಬ್ಬನ ನಂಬರೇನು?”

“ಓಣಿಗೊಂದು ಬೋರಿನ ನೀರು ಸಾಕಾಗ್ತೈತಿ ಟೀಚರಮ್ಮ, ನಂಬರ್ ಸಾಕಾಗಂಗಿಲ್ಲೇನ್ರಿ.”

ಮೊದಮೊದಲು ಅದು ಚೆನ್ನಾಗಿಯೇ ನಡೆಯಿತು. ಟೀಚರು ಮಾತಾಡಿ ಕಳಿಸುವರು, ಗಾಳೆಪ್ಪ ಬೆಳಿಗ್ಗೆ ಗಾಡಿ ಬಿಡುವ ಮೊದಲು ಅದನ್ನು ಜೋರಾಗಿ ಹಚ್ಚುವನು. ಒಂದು ದಿನ ಬಂದದ್ದು ಹೇನಿನ ಮಾತು. ಮಕ್ಕಳ ತಲೆ ಬಾಚಿ ಕಳಿಸಿರಿ ಎಂದಿದ್ದರು.

“ಯಾರ ಮಕ್ಕಳು ಅಂತ ಹೇಳ್ಲಿಲ್ಲ ಬಿಡು ಪುಣ್ಯಾತಗಿತ್ತಿ,” ಅಂದಳು ಎರ್ರಮ್ಮ.

“ಅದನ್ನ ಬ್ಯಾರೆ ಹೇಳಬೇಕೇನು,” ಅಂದಳು ಚನ್ನವೀರಮ್ಮ. “ನಿನ್ನ ಮಗಳು ಕುಂತಲ್ಲಿ ನಿಂತಲ್ಲಿ ಕೆರಕೊಂತಿರ್ತಾಳ.”

“ಆಕಿಗೆ ನಿನ್ನ ಮಗನ ಕಡಿಯಿಂದ ಬಂದಾವ ತಗೋ.”

ಗಾಡಿಗೆ ಗಾಡಿಯೇ ನಗುತ್ತ ಹೋಯಿತು. ಹೊನ್ನೂರಮ್ಮನ ತಿರುಗಾಟ ನಿಂತಿತು. ಸಂಜೆ ಮನೆಯ ಕಟ್ಟೆಗೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಷ್ಟು ಬಿಡುವು ಅವಳ ಜೀವಮಾನದಲ್ಲಿ ಅದೇ ಮೊದಲು.

ಆ ವರ್ಷ ಎರಡನೇ ಬೆಳೆಗೂ ಕಾಲುವೆಗೆ ನೀರು ಬಿಟ್ಟಿದ್ದರು. ಸಂಕ್ರಾಂತಿ ಮುಗಿಯುತ್ತಲೇ ಮಾತು ಹಬ್ಬಿತು: ನಮ್ಮ ಶಾಲೆಯ ಆರನೇ ಏಳನೇ ತರಗತಿಯಲ್ಲಿ ಮಕ್ಕಳು ಕಡಿಮೆ, ಅವನ್ನು ಕರೂರಿನ ಶಾಲೆಗೆ ಸೇರಿಸುತ್ತಾರೆ. ಕರೂರಿಗೆ ನಮ್ಮೂರಿನಿಂದ ಬಸ್ಸಿಲ್ಲ. ಕಾಲುವೆಯ ದಂಡೆ ಹಿಡಿದು ನಡೆಯಬೇಕು, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ನಡುವೆ ಕೂಗಿದರೆ ಓಗೊಡಲು ಒಂದು ಮನೆ ಇಲ್ಲ. ಆ ದಾರಿಗೆ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ ಎಂಬುದು ಊರಿನ ನಾಯಿಗೂ ಗೊತ್ತು. ಮೀನಾಳ ಓದು ಐದನೆಯದಕ್ಕೇ ಮುಗಿಯುತ್ತದೆ ಎಂದಾಗಲೇ ಹೊನ್ನೂರಮ್ಮನಿಗೆ ಅನ್ನ ಸೇರದಾಯಿತು.

ಇಂದಿರಾಬಾಯಿ ಅಂದರು, “ಇನ್ನೂ ಏನೂ ಆಗಿಲ್ಲ. ತಾಲೂಕಿನಿಂದ ಸಾಹೇಬರು ಬಂದು ಪೋಷಕರ ಸಭೆ ಮಾಡ್ತಾರ. ತಾಯಂದಿರು ಗುಂಪಾಗಿ ಬಂದು ಬ್ಯಾಡ ಅಂದ್ರ ಅವರು ಹಂಗ ಬರಕೊಂಡು ಹೋಗಬೇಕಾಗ್ತದ.”

“ಹಂಗಾದ್ರ ಅಮಾಸಿ ದಿನ ಇಡ್ರಿ,” ಅಂದಳು ಹೊನ್ನೂರಮ್ಮ. ಅಮಾವಾಸ್ಯೆಯ ದಿನ ನಮ್ಮ ಕಡೆ ಕೂಲಿ ಗುಂಪು ಗದ್ದೆಗೆ ಇಳಿಯುವುದಿಲ್ಲ. ಸಾಹೇಬರೂ ಒಪ್ಪಿದರು. ಹೊನ್ನೂರಮ್ಮ ಎಷ್ಟೋ ತಿಂಗಳ ಮೇಲೆ ಮತ್ತೆ ಓಣಿಯಲ್ಲಿ ತಿರುಗಿದಳು. ಬರುತ್ತೇವೆ ಎಂದು ಎಲ್ಲ ಒಲೆಗಳ ಮುಂದೆಯೂ ಮಾತು ಸಿಕ್ಕಿತು.

ಅಷ್ಟರಲ್ಲಿ ಗುಂಪಿಗೆ ಕುರುಗೋಡಿನ ಕಡೆ ನಾಟಿ ಕೆಲಸ ಸಿಕ್ಕಿತು. ಅಲ್ಲೇ ಗದ್ದೆಯ ಬಳಿ ಬಿಡಾರ ಮಾಡಿ, ಅಮಾವಾಸ್ಯೆಯ ಹಿಂದಿನ ಸಂಜೆ ಮರಳುವುದೆಂದು ಗಾಳೆಪ್ಪ ಹೆಂಗಸರನ್ನು ಕರೆದುಕೊಂಡು ಹೋದ.

ಅವರು ಹೋದ ಮೇಲೆ ಸಾಹೇಬರ ಫೋನು ಬಂತು. ಅಮಾವಾಸ್ಯೆಗೆ ಬೇರೆ ಕೆಲಸ ಬಿದ್ದಿದೆ, ನಾಳೆಯೇ ಬರುತ್ತೇನೆ ಎಂದರು. ಇಂದಿರಾಬಾಯಿ ಕೂಡಲೇ ಗಾಳೆಪ್ಪನ ಫೋನಿಗೆ ಮಾತಾಡಿ ಕಳಿಸಿದರು: ಸಭೆ ನಾಳೆ ಬೆಳಿಗ್ಗೆ, ಎಲ್ಲರೂ ಇವತ್ತೇ ಹೊರಟು ಬನ್ನಿ. ಸ್ವಲ್ಪ ಹೊತ್ತಿಗೆ ಅದನ್ನು ಕೇಳಿದ ಗುರುತು ಫೋನಿನಲ್ಲಿ ಮೂಡಿತು. ಸಾಲದೆಂದು ಹೊನ್ನೂರಮ್ಮ ತಮ್ಮನಿಗೆ ಫೋನೂ ಹಚ್ಚಿಸಿದಳು. ಗಂಟೆ ಬಾರಿಸಿತು, ಎತ್ತಲಿಲ್ಲ.

“ಕೈ ಕೆಸರಾಗಿರ್ತಾವ,” ಅಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಾ ಒಂದು ಸಲ ಕುರುಗೋಡಿಗೆ ಹೋಗಿ ಬರ್ಲೇನ್ರಿ?”

“ಕೇಳ್ಯಾರಂತ ಇಲ್ಲೇ ತೋರಸ್ತದಲ್ಲ. ಈ ಕಾಲು ಇಟ್ಕೊಂಡು ಅಷ್ಟು ದೂರ ಯಾಕ? ನಾಳೆ ಅಡಗಿ ಯಾರು ಮಾಡ್ತಾರ?”

ಹೊನ್ನೂರಮ್ಮ ಹೋಗಲಿಲ್ಲ. ಮರುದಿನ ಬೆಳಿಗ್ಗೆ, ಬರಲಿರುವ ತಾಯಂದಿರಿಗೂ ಸೇರಿಸಿ ಬೆಲ್ಲದ ಪಾಯಸಕ್ಕೆ ಎಸರಿಟ್ಟಳು.

ಸಾಹೇಬರು ಹೇಳಿದ ಹೊತ್ತಿಗೇ ಬಂದರು. ಅವರ ಎದುರು ಕೂತವರು ಊರ ಹಿರಿಯ ತಿಪ್ಪೇರುದ್ರಪ್ಪ ಮತ್ತು ವ್ಯಾನಿನಲ್ಲಿ ಮಕ್ಕಳನ್ನು ಸಿರುಗುಪ್ಪದ ಕಾನ್ವೆಂಟಿಗೆ ಕಳಿಸುವ ನಾಲ್ಕಾರು ಗಂಡಸರು. ಓಣಿಯವರು ಒಬ್ಬರೂ ಇಲ್ಲ. ಹೊನ್ನೂರಮ್ಮ ಸೌಟು ಹಿಡಿದುಕೊಂಡೇ ರಸ್ತೆಯವರೆಗೆ ಹೋಗಿ ಬಂದಳು. ಟೆಂಪೊದ ಧೂಳು ಎಲ್ಲೂ ಕಾಣಲಿಲ್ಲ.

“ಪೋಷಕರಿಗೆ ತಿಳಿಸಿದ್ದಿರಾ?” ಸಾಹೇಬರು ಕೇಳಿದರು.

“ತಿಳಿಸೀನ್ರಿ. ಕೇಳ್ಯಾರ. ಬರಬೇಕಿತ್ತು,” ಅಂದರು ಇಂದಿರಾಬಾಯಿ. “ಅಮಾವಾಸ್ಯಿಗೆ ಇನ್ನೊಮ್ಮೆ ಮಾಡೋಣ್ರಿ ಸರ್.”

“ನನಗೆ ಇದೊಂದೇ ಶಾಲೆಯಲ್ಲ. ವಿರೋಧ ಯಾರದಾದರೂ ಇದೆಯಾ?”

ತಿಪ್ಪೇರುದ್ರಪ್ಪ ಕೆಮ್ಮಿದ. “ಸರ್ಕಾರ ಮಾಡಿದ್ದು ಒಳ್ಳೇದಕ್ಕ ಇರ್ತೈತಿ ಬಿಡ್ರಿ.”

“ನಮ್ಮದು ಐತ್ರಿ,” ಅಂದಳು ಬಾಗಿಲಲ್ಲಿ ನಿಂತ ಹೊನ್ನೂರಮ್ಮ. “ಹುಡುಗೇರು ಆ ದಂಡಿಗುಂಟ ಹೆಂಗ ಹೋಗ್ತಾವ್ರಿ? ನಮ್ಮವರು ನಾಟಿಗೆ ಹೋಗ್ಯಾರ. ಇದ್ದಿದ್ರ ಎಲ್ಲಾರೂ ಇದನ್ನ ಹೇಳತಿದ್ರು.”

“ನೀವು ಪೋಷಕರಾ?”

“ಅಡಗಿಯಾಕಿ. ನನ್ನ ಮೊಮ್ಮಗಳು ಐದನೇ ಕ್ಲಾಸಿನಾಗ ಅದಾಳ್ರಿ.”

“ಸರಿ, ನಿಮ್ಮದೊಂದು ಬರೆದುಕೊಳ್ಳುತ್ತೇನೆ,” ಎಂದು ಬರೆದುಕೊಂಡರು. ಒಂದೇ ಒಂದು ಬಾಯಿ, ಅದೂ ಅಡುಗೆ ಮನೆಯದು. ಪಾಯಸವನ್ನು ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡು ಉಂಡವು.

ಅಮಾವಾಸ್ಯೆಯ ಹಿಂದಿನ ಸಂಜೆ ಟೆಂಪೊ ಬಂತು. ಗಂಟುಮೂಟೆ ಇಳಿಸುತ್ತ ಚನ್ನವೀರಮ್ಮ ಕೇಳಿದಳು, “ನಾಳಿ ಸಭೆ ಎಷ್ಟೊತ್ತಿಗಕ್ಕ? ತಲಿ ಎರಕೊಂಡು ಬರಬಹುದಲ್ಲ?”

“ಸಭೆ ಆಗಿ ಹೋತವ್ವ,” ಅಂದಳು ಹೊನ್ನೂರಮ್ಮ. ತಮ್ಮನ ಕಡೆ ತಿರುಗಿದಳು.

“ಸುದ್ದಿ ಮುಟ್ಟಲಿಲ್ಲೇನಪಾ?”

ಗಾಳೆಪ್ಪ ಗಾಡಿಯ ಹಗ್ಗ ಸುತ್ತುತ್ತಿದ್ದ. “ಮುಟ್ಟಿತ್ತು.”

“ಮತ್ತ?”

“ಹೇಳಿದ್ರ ಎಲ್ಲಾರೂ ಗಾಡಿ ಹತ್ತತಿದ್ರಕ್ಕ. ಅದಕ್ಕ ಹೇಳ್ಲಿಲ್ಲ. ಹೊಲದವರ ನೀರಿನ ಸರತಿ ಮುಗಿಯೋದಿತ್ತು. ಸಸಿ ಕಿತ್ತು ಹಾಕಿದ್ವಿ. ಅರ್ಧ ಬಿಟ್ಟು ಬಂದಿದ್ರ ಈ ಗುಂಪನ್ನ ಮುಂದ ಯಾರು ಕರೀತಿದ್ರು?”

“ಮೀನಾ ನಿನ್ನ ಮೊಮ್ಮಗಳು ಅಲ್ಲೇನಪ್ಪಾ,” ಅಂದಳು ಸುಮಂಗಲಾ.

“ಸಭೆ ಇನ್ನೊಂದು ದಿನ ಇಡ್ತಾರಂತ ಮಾಡಿದ್ದೆ. ಕಿತ್ತ ಸಸಿ ಇನ್ನೊಂದು ದಿನ ಕಾಯಂಗಿಲ್ಲವ್ವ.”

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಕಿತ್ತ ಸಸಿ ಕಾಯುವುದಿಲ್ಲ ಎಂಬುದು ಅಲ್ಲಿದ್ದ ಒಬ್ಬೊಬ್ಬರ ಕೈಗೂ ಗೊತ್ತಿತ್ತು.

ಅಮಾವಾಸ್ಯೆಯ ದಿನ ಅದೇ ಟೆಂಪೊದಲ್ಲಿ ಎಲ್ಲರೂ ಬಳ್ಳಾರಿಗೆ ಹೋದರು. ಗಾಳೆಪ್ಪನೇ ಗಾಡಿ ಓಡಿಸಿದ. ಶಿಕ್ಷಣ ಇಲಾಖೆಯ ದೊಡ್ಡ ಕಚೇರಿಯ ಗೇಟಿನಲ್ಲಿ ಇಂದಿರಾಬಾಯಿ ರಜೆ ಹಾಕಿ ಕಾಯುತ್ತಿದ್ದರು. ಒಳಗಿದ್ದವರು ಅರ್ಜಿ ತೆಗೆದುಕೊಂಡರು, ಕುಡಿಯಲು ನೀರನ್ನೂ ಕೊಟ್ಟರು, ಆಮೇಲೆ ಮೆತ್ತಗೆ ಅಂದರು, “ಇಷ್ಟು ಮಂದಿ ಸಭೆಯ ದಿನ ಬರಬೇಕಿತ್ತಮ್ಮ.” ಅರ್ಜಿಗೆ ಜವಾಬು ಬರಲೇ ಇಲ್ಲ.

ಜೂನ್ ತಿಂಗಳಲ್ಲಿ ಆರು, ಏಳು ಕರೂರಿಗೆ ಹೋದವು. ಹೊನ್ನೂರಮ್ಮ ಹಟ ಬಿಡಲಿಲ್ಲ. ನಾಲ್ಕು ಹುಡುಗಿಯರು ಜೊತೆಯಾದರೆ ದಂಡೆಯ ದಾರಿ ಸವೆಯುತ್ತದೆ ಎಂದು ಮತ್ತೆ ಮನೆಮನೆಗೆ ಹೋದಳು.

“ನಮ್ಮ ಮೀನಾ ಹೊಂಟಾಳ. ನಾ ಬಿಟ್ಟು ಬರ್ತೀನಿ. ನಿನ್ನ ಮಗಳನ್ನೂ ಕಳಸು ಎರ್ರಮ್ಮ.”

ಎರ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು, “ಒಂದು ನಂಬರ್ ಸಾಕು ಅಂದಾಕಿ ನೀನ. ಕೊಟ್ವಿ. ಇನ್ನ ಬ್ಯಾಡಕ್ಕ. ನಿನ್ನ ಮಾತು ಕೇಳಿದ್ದು ಸಾಕು.”

ಇಷ್ಟು ವರ್ಷದಲ್ಲಿ ಓಣಿಯ ಯಾವ ಒಲೆಯ ಮುಂದೆಯೂ ಅವಳಿಗೆ ಅಂಥ ಮಾತು ಬಂದಿರಲಿಲ್ಲ. ಈರುಳ್ಳಿ ಅರ್ಧ ಹೆಚ್ಚಿದ್ದನ್ನು ಅಲ್ಲೇ ಬಿಟ್ಟು ಎದ್ದಳು.

ಮೀನಾಳೊಬ್ಬಳನ್ನೇ ಕರೆದುಕೊಂಡು ನಡೆದಳು. ಬೆಳಿಗ್ಗೆ ಬಿಟ್ಟು, ಓಡೋಡಿ ಬಂದು ಒಲೆ ಹಚ್ಚಿ, ಸಂಜೆ ಮತ್ತೆ ಕರೆತರಲು ಹೋಗುವಳು. ಮಳೆ ಹಿಡಿದು ದಂಡೆಯ ಮಣ್ಣು ಜಾರತೊಡಗಿತು. ಒಂದು ಸಂಜೆ ಹೊನ್ನೂರಮ್ಮ ಕಾಲು ಜಾರಿ ಮಡಚಿ ದಂಡೆಯ ಮೇಲೆಯೇ ಕುಸಿದು ಕೂತಳು. ಮೊಮ್ಮಗಳು ತೋಳು ಹಿಡಿದು ಎಬ್ಬಿಸಿ ಮನೆ ಮುಟ್ಟಿಸುವ ಹೊತ್ತಿಗೆ ಓಣಿಯಲ್ಲಿ ದೀಪ ಹತ್ತಿದ್ದವು.

“ಸಾಕತ್ತಿ,” ಅಂದಳು ಸುಮಂಗಲಾ. “ನೀ ಹಾಸಿಗಿ ಹಿಡಿದ್ರ ನಾ ಕೂಲಿ ಬಿಡಬೇಕಾಕ್ಕೈತಿ. ಆಕಿ ಮನ್ಯಾಗ ಇರ್ಲಿ.”

ಹೊನ್ನೂರಮ್ಮ ಮಗನ ಮೇಲೆ ಆಸೆಯಿಟ್ಟು ಒಂದು ವಾರ ಕಾದಳು. ಹುಲುಗೇಶ್ ಬಳ್ಳಾರಿಯಿಂದ ಬಂದವನು ತಾಯಿಯ ಊದಿದ ಕಾಲು ನೋಡಿ ಹೆಂಡತಿಯ ಮಾತನ್ನೇ ಆಡಿದ. ಮೀನಾ ಪಾಟಿಚೀಲವನ್ನು ಗೂಟಕ್ಕೆ ಹಾಕಿ ಕಸಬರಿಗೆ ಹಿಡಿದಳು. ಅತ್ತು ಕರೆದು ಮಾಡುವ ಹುಡುಗಿಯಲ್ಲ.

ಕಾಲು ಸ್ವಲ್ಪ ನೆಲಕ್ಕೆ ಊರುವಂತಾದ ದಿನ ಹೊನ್ನೂರಮ್ಮ ಕೋಲು ಹಿಡಿದು ಒಬ್ಬಳೇ ಕರೂರಿಗೆ ಹೋದಳು. ಅಲ್ಲಿಯ ಮಾಸ್ತರು ಹಾಜರಿ ಕೂಗುತ್ತಿದ್ದರು. ಮುಗಿಯುವವರೆಗೆ ಬಾಗಿಲ ಹೊರಗೆ ನಿಂತಳು.

“ಮೀನಾನ ಅಜ್ಜಿ ಅದೀನ್ರಿ. ಆಕಿ ಇನ್ನ ಬರಂಗಿಲ್ರಿ.”

ಮಾಸ್ತರು ಕನ್ನಡಕ ತೆಗೆದು ಅವಳ ಕಾಲು ನೋಡಿದರು, ಕೋಲು ನೋಡಿದರು. “ಇದನ್ನ ಹೇಳಾಕ ನಡಕೊಂಡು ಬಂದಿಯೇನಮ್ಮ? ಬಿಡೋ ಮಕ್ಕಳು ಸುಮ್ನ ಬಿಡ್ತಾವ. ಹೇಳಾಕ ಯಾರೂ ಬರಂಗಿಲ್ಲ.”

“ದಿನಾ ಹೆಸರು ಕೂಗ್ತೀರಲ್ರೀ,” ಅಂದಳು ಹೊನ್ನೂರಮ್ಮ. “ಕೂಗಬ್ಯಾಡ್ರಿ ಅಂತ ಹೇಳಾಕ ಬಂದೆ.”